ತಮ್ಮನನ್ನು ನೇರವಾಗಿ ಕೇಳಿಬಿಡಲೇ? ಕೊರೊನಾ ಹೋಯಿತು, ಅವನು ಮಾತ್ರ ಕೋಣೆಯಿಂದ ಹೊರಗೆ ಬಂದಿಲ್ಲ

ಹಿರಿಯಕ್ಕ:

ನಮಸ್ಕಾರ. ಬರೆದು ಅಳಿಸಿ, ಬರೆದು ಅಳಿಸಿ, ಇದು ಮೂರನೇ ಸಲ. ಉದ್ದ ಆದರೆ ಕ್ಷಮಿಸಿ.

ನನ್ನ ತಮ್ಮನಿಗೆ ಈಗ 19. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಎಂಟನೇ ತರಗತಿಯಲ್ಲಿದ್ದ. ಮೊದಮೊದಲು ಖುಷಿಯಾಗಿಯೇ ಇದ್ದ, ಎರಡು ವಾರ ರಜೆ ಅಂದುಕೊಂಡಿದ್ದೆವು ಎಲ್ಲರೂ. ಆಮೇಲೆ ಆನ್‌ಲೈನ್ ಕ್ಲಾಸ್ ಶುರುವಾಯಿತು. ಕ್ಯಾಮೆರಾ ಆಫ್, ಮ್ಯೂಟ್, ಅಷ್ಟೇ. ಹಾಜರಿ ಕರೆದಾಗ ಮಾತ್ರ ಅನ್‌ಮ್ಯೂಟ್ ಮಾಡಿ 'ಪ್ರೆಸೆಂಟ್' ಅನ್ನುತ್ತಿದ್ದ. ಇಡೀ ದಿನದಲ್ಲಿ ಮನೆಯ ಹೊರಗಿನವರ ಜೊತೆ ಅವನು ಆಡಿದ ಮಾತು ಅದೊಂದೇ ಆಗಿದ್ದ ದಿನಗಳೂ ಇದ್ದವು ಅಂತ ಈಗ ಅನಿಸುತ್ತದೆ. ಆಗ ನಾನು ಗಮನಿಸಲೇ ಇಲ್ಲ.

2021ರಲ್ಲಿ ಮನೆಯಲ್ಲಿ ಎಲ್ಲರಿಗೂ ಬಂತು. ಮೊದಲು ತಮ್ಮನಿಗೆ ಜ್ವರ, ಆಮೇಲೆ ಅಮ್ಮನಿಗೆ, ಆಮೇಲೆ ತಾತನಿಗೆ. ಆಂಬುಲೆನ್ಸ್ ಬಂದಾಗ ಅವನು ಬಾಗಿಲಲ್ಲಿ ನಿಂತು ನೋಡಿದ. ತಾತನನ್ನು ನಾವು ನೋಡಿದ್ದು ಅದೇ ಕೊನೆ. ಅವನು ಚಿಕ್ಕಂದಿನಿಂದ ತಾತನ ಪಕ್ಕದಲ್ಲೇ ಮಲಗುತ್ತಿದ್ದ ಹುಡುಗ. ಒಂದು ಹನಿ ಅಳಲಿಲ್ಲ. 'ಗಟ್ಟಿ ಹುಡುಗ' ಅಂದರು ಎಲ್ಲರೂ.

ಶಾಲೆ ಮತ್ತೆ ತೆರೆಯಿತು. ಹೋದ. ಪಾಸಾದ. ಕಾಲೇಜು ಸೇರಿದ. ಹೊರಗಿನಿಂದ ನೋಡಿದರೆ ಎಲ್ಲ ಸರಿಹೋಗಿದೆ ಅಂತಲೇ ಕಾಣುತ್ತಿತ್ತು. ಆದರೆ ರಾತ್ರಿ ಮಲಗುವುದಿಲ್ಲ, ಹಗಲು ಏಳುವುದಿಲ್ಲ. ಗೆಳೆಯರ ಫೋನ್ ಎತ್ತುವುದಿಲ್ಲ. ಎರಡು ತಿಂಗಳಿಂದ ಕಾಲೇಜಿಗೇ ಹೋಗಿಲ್ಲ ಅಂತ ನಮಗೆ ಗೊತ್ತಾದದ್ದು ಕಳೆದ ವಾರ. ಹಟ ಹಿಡಿದು ತೆಗೆಸಿಕೊಂಡಿದ್ದ ಗಿಟಾರನ್ನು ಒಬ್ಬ ಗೆಳೆಯನಿಗೆ ಕೊಟ್ಟುಬಿಟ್ಟಿದ್ದಾನೆ, 'ನನಗಿನ್ನು ಬೇಡ' ಅಂದನಂತೆ. ಮೊನ್ನೆ ಅಮ್ಮ ಏನಕ್ಕೋ ಬೈದಾಗ 'ನಾನೊಬ್ಬ ಇಲ್ಲದಿದ್ದರೆ ನಿಮಗೆಲ್ಲ ಹಗುರ ಆಗುತ್ತಿತ್ತು' ಅಂದ. ಸಿಟ್ಟಲ್ಲಿ ಅಲ್ಲ, ತಣ್ಣಗೆ ಅಂದ. ಆ ದನಿ ನನ್ನ ಕಿವಿಯಿಂದ ಹೋಗುತ್ತಿಲ್ಲ.

ಸಾಯುವ ಯೋಚನೆ ಬರುತ್ತಿದೆಯಾ ಅಂತ ಅವನನ್ನು ನೇರವಾಗಿ ಕೇಳಬೇಕು ಅನಿಸುತ್ತಿದೆ. ಅಮ್ಮ ಬೇಡವೇ ಬೇಡ ಅನ್ನುತ್ತಾಳೆ, ಇಲ್ಲದ್ದನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ. ಅಪ್ಪ ಮಾತ್ರ 'ಲಾಕ್‌ಡೌನ್ ಎಲ್ಲರಿಗೂ ಆಯಿತು, ಎಲ್ಲರೂ ಎದ್ದು ಓಡಾಡುತ್ತಿಲ್ವಾ, ಇವನೊಬ್ಬನಿಗೇ ಏನು' ಅನ್ನುತ್ತಾರೆ. ಕೇಳಿದರೆ ತಪ್ಪಾಗುತ್ತದಾ? ಕೇಳದಿದ್ದರೆ?

ಸಂಜೆಗಾಳಿ:

ಅಕ್ಕಾ, ಓದಿ ಹೊಟ್ಟೆ ಸಂಕಟವಾಯಿತು. ಆದರೆ ನನಗೆ ನಿಮ್ಮ ಅಮ್ಮ ಹೇಳಿದ್ದೇ ಸರಿ ಅನಿಸುತ್ತದೆ. ಆ ಪದ ಬಾಯಿಗೆ ತರಬೇಡಿ. ಅವನು ಬರೀ ಬೇಜಾರಲ್ಲಿ ಇರಬಹುದು, ನೀವು ಕೇಳಿದ ಮೇಲೆ 'ಓ, ಇವರಿಗೂ ಹಾಗೇ ಅನಿಸಿದೆ' ಅಂದುಕೊಂಡರೆ? ಅವನ ಜೊತೆ ಕೂತು ಸಿನಿಮಾ ನೋಡಿ, ಹೊರಗೆ ಕರೆದುಕೊಂಡು ಹೋಗಿ, ಮನಸ್ಸು ಬೇರೆ ಕಡೆ ತಿರುಗಲಿ. ನಿಧಾನವಾಗಿ ತಾನೇ ಹೇಳುತ್ತಾನೆ.

ಕೇಳುವಕಿವಿ:

ಹಿರಿಯಕ್ಕ, ಕೇಳಿ. ಇವತ್ತೇ ಕೇಳಿ. ಮಿಕ್ಕದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ.

ನಾನು ಆಪ್ತಸಮಾಲೋಚಕಿ. ಹದಿನೈದರಿಂದ ಇಪ್ಪತ್ತೈದು ವಯಸ್ಸಿನವರ ಜೊತೆ ಕೆಲಸ ಮಾಡುತ್ತೇನೆ. ಸಂಜೆಗಾಳಿಯವರ ಕಾಳಜಿ ಅರ್ಥವಾಗುತ್ತದೆ, ಆ ಭಯ ಬಹಳ ಹಳೆಯದು, ಬಹಳ ಮನೆಗಳಲ್ಲಿ ಇದೆ. ಆದರೆ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆತ್ಮಹತ್ಯೆಯ ಯೋಚನೆ ಬಗ್ಗೆ ನೇರ ಪ್ರಶ್ನೆ, ಇನ್ನೊಂದಕ್ಕೆ ಆ ಪ್ರಶ್ನೆ ಇಲ್ಲ. ಎರಡು ದಿನ ಬಿಟ್ಟು ನೋಡಿದಾಗ, ಕೇಳಿಸಿಕೊಂಡ ಮಕ್ಕಳ ಸಂಕಟ ಹೆಚ್ಚಾಗಿರಲಿಲ್ಲ, ಆ ಯೋಚನೆಯೂ ಹೆಚ್ಚಾಗಿರಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಲ್ಲಿ ಸಂಕಟ ಸ್ವಲ್ಪ ಕಡಿಮೆಯೇ ಆಗಿತ್ತು. ಇದು 2005ರಲ್ಲಿ ಪ್ರಕಟವಾಯಿತು, ಆಮೇಲೆ ಬಂದ ಅಧ್ಯಯನಗಳೂ ಅದನ್ನೇ ಹೇಳಿವೆ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಯೋಚನೆ ಇದ್ದವನಿಗೆ ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗುವುದು ತಪ್ಪುತ್ತದೆ.

ನೀವು ಬರೆದದ್ದರಲ್ಲಿ ಮೂರು ವಿಷಯ ನನಗೆ ಚಿಂತೆ ತರುತ್ತಿವೆ. ಇಷ್ಟದ ವಸ್ತು ಕೊಟ್ಟುಬಿಟ್ಟದ್ದು, ನಿದ್ದೆ ಹೋಗಿರುವುದು, 'ನಾನಿಲ್ಲದಿದ್ದರೆ ನಿಮಗೆ ಹಗುರ' ಅಂದದ್ದು. ಕೊನೆಯದಂತೂ ಜಾಸ್ತಿ. ಮನೆಯವರಿಗೆ ತಾನು ಭಾರ ಅನ್ನುವ ನಂಬಿಕೆ, ಸಾಯುವ ಯೋಚನೆಯ ಜೊತೆಗೇ ಓಡಾಡುವ ನಂಬಿಕೆ.

ಹೇಗೆ ಕೇಳುವುದು? ಎದುರೆದುರು ಕೂತು ವಿಚಾರಣೆ ಮಾಡಿದ ಹಾಗೆ ಬೇಡ. ಪಕ್ಕಪಕ್ಕ ಕೂತಾಗ ಅಥವಾ ನಡೆಯುವಾಗ ಈ ವಯಸ್ಸಿನ ಹುಡುಗರಿಗೆ ಮಾತು ಸುಲಭ. ಅವನು ಅಂದ ಮಾತಿನಿಂದಲೇ ಶುರು ಮಾಡಿ. 'ಮೊನ್ನೆ ನೀನು ಹಾಗೆ ಅಂದೆಯಲ್ಲ, ಅದು ನನ್ನ ಮನಸ್ಸಲ್ಲೇ ಇದೆ. ಸಾಯಬೇಕು ಅನಿಸುತ್ತಿದೆಯಾ ನಿನಗೆ?' ಇಷ್ಟೇ. 'ಅಂಥ ಹುಚ್ಚು ಯೋಚನೆಯೇನೂ ಇಲ್ಲ ತಾನೇ?' ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಇಲ್ಲ ಅನ್ನುವುದನ್ನು ನೀವೇ ಕಲಿಸಿಕೊಟ್ಟಂತೆ.

ಹೌದು ಅಂದರೆ ಗಾಬರಿ ಆಗುತ್ತದೆ, ಆಗಲಿ. 'ಅಪ್ಪ ಅಮ್ಮನ ಬಗ್ಗೆ ಒಂದು ಸಲವಾದರೂ ಯೋಚಿಸಿದೆಯಾ' ಅನ್ನಬೇಡಿ. ಅವನು ಅದನ್ನೇ ಯೋಚಿಸುತ್ತಿದ್ದಾನೆ, ತಪ್ಪು ದಾರಿಯಲ್ಲಿ ಯೋಚಿಸುತ್ತಿದ್ದಾನೆ. 'ಹೇಳಿದ್ದು ಒಳ್ಳೆಯದಾಯಿತು' ಅನ್ನಿ. ಎಷ್ಟು ದಿನದಿಂದ ಅಂತ ಕೇಳಿ. ಏನಾದರೂ ಮಾಡಿಕೊಳ್ಳಲು ಹೇಗೆ, ಯಾವಾಗ ಅಂತ ಯೋಚಿಸಿಟ್ಟಿದ್ದಾನಾ ಕೇಳಿ. ಅದು ಎಷ್ಟು ಖಚಿತವಾಗಿದೆಯೋ ಅಷ್ಟು ತುರ್ತು. ಯಾರಿಗೂ ಹೇಳಬೇಡ ಅಂತ ಆಣೆ ಕೇಳಿದರೆ ಕೊಡಬೇಡಿ. 'ಎಲ್ಲರಿಗೂ ಹೇಳುವುದಿಲ್ಲ, ಆದರೆ ನಿನ್ನನ್ನು ಉಳಿಸಿಕೊಳ್ಳಲು ಬೇಕಾದವರಿಗೆ ಹೇಳುತ್ತೇನೆ, ನಿನಗೆ ಗೊತ್ತಿರುವ ಹಾಗೆಯೇ ಹೇಳುತ್ತೇನೆ' ಅನ್ನಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅವನೇ ಮಾಡಬೇಕೆಂದಿಲ್ಲ, ಅಕ್ಕನಾಗಿ ನೀವು ಮಾಡಿ ಏನು ಮಾಡಲಿ ಅಂತ ಕೇಳಬಹುದು. ಜೀವಕ್ಕೆ ಈಗಲೇ ಅಪಾಯ ಅನಿಸಿದರೆ 112, ಅಥವಾ ನೇರ ಆಸ್ಪತ್ರೆಯ ತುರ್ತು ವಿಭಾಗ. ಅವನನ್ನು ಒಬ್ಬನೇ ಬಿಡಬೇಡಿ.

ಇನ್ನೊಂದು ಮಾತು ಕಣ್ಣಿಗೆ ಬಿತ್ತು. ಮೊದಲು ಜ್ವರ ಬಂದದ್ದು ತಮ್ಮನಿಗೆ ಅಂದಿರಿ. ಆ ವಿಷಯ ಮನೆಯಲ್ಲಿ ಯಾರಾದರೂ ಅವನ ಜೊತೆ ಮಾತಾಡಿದ್ದಾರಾ?

ಓದುಗ_ಎರಡು:

ಅಪ್ಪನ ಪ್ರಶ್ನೆಗೆ ನಾನು ಉತ್ತರ ಕೊಡಲು ನೋಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೂ ಇದೇ ಮಾತು ಇತ್ತು. ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ.

'ಎಲ್ಲರೂ ಎದ್ದು ಓಡಾಡುತ್ತಿಲ್ವಾ' ಅನ್ನುವುದು ಅರ್ಧ ನಿಜ. 2020ರ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆಗಳು ಎಲ್ಲ ಕಡೆ ಏರುತ್ತವೆ ಅಂತ ಜನ ಹೆದರಿದ್ದರು. ಹಾಗೆ ಆಗಲಿಲ್ಲ. 21 ದೇಶಗಳ ಲೆಕ್ಕ ಒಟ್ಟಿಗೆ ನೋಡಿದ ಒಂದು ಅಧ್ಯಯನ 2021ರಲ್ಲಿ ಬಂತು. ಅದರಲ್ಲಿ ಆ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರಿರಲಿಲ್ಲ, ಕೆಲವು ಕಡೆ ಇಳಿದಿತ್ತು. ಎಲ್ಲರೂ ಒಂದೇ ಕಷ್ಟದಲ್ಲಿದ್ದೇವೆ ಅನ್ನುವ ಭಾವನೆ, ಮನೆಯವರೆಲ್ಲ ಹತ್ತಿರ ಇದ್ದದ್ದು, ಕೆಲವು ದೇಶಗಳಲ್ಲಿ ಸರ್ಕಾರ ಕೊಟ್ಟ ಹಣದ ನೆರವು, ಇವೆಲ್ಲ ಕೈಹಿಡಿದಿರಬಹುದು ಅಂತ ಸಂಶೋಧಕರು ಹೇಳುತ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಪಾನ್ ನೋಡಿ. ಅಲ್ಲಿ ಮೊದಲ ಐದು ತಿಂಗಳು ಆತ್ಮಹತ್ಯೆಗಳು ನೂರಕ್ಕೆ 14ರಷ್ಟು ಕಡಿಮೆಯಾದವು. ಆಮೇಲೆ, 2020ರ ಜುಲೈನಿಂದ ಅಕ್ಟೋಬರ್‌ವರೆಗೆ, ನೂರಕ್ಕೆ 16ರಷ್ಟು ಹೆಚ್ಚಾದವು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಆ ಏರಿಕೆ ನೂರಕ್ಕೆ ಸುಮಾರು 49. ಅಂದರೆ ಮೊದಲ ಹೊಡೆತ ಬಿದ್ದಾಗ ತಡೆದುಕೊಂಡವರು ಆಮೇಲೆ ಕುಸಿದಿದ್ದಾರೆ. 2021ರ ಫೆಬ್ರವರಿಯಲ್ಲಿ ಆ ದೇಶ ಒಂಟಿತನದ ಸಮಸ್ಯೆ ನೋಡಿಕೊಳ್ಳಲೆಂದೇ ಒಬ್ಬ ಸಚಿವರಿಗೆ ಜವಾಬ್ದಾರಿ ಕೊಟ್ಟಿತು.

ಅಮೆರಿಕದಲ್ಲಿ ಇನ್ನೊಂದು ಚಿತ್ರ. ಆತ್ಮಹತ್ಯೆ ಪ್ರಯತ್ನದ ಅನುಮಾನದಿಂದ ತುರ್ತು ವಿಭಾಗಕ್ಕೆ ಬಂದ 12ರಿಂದ 17 ವಯಸ್ಸಿನ ಹುಡುಗಿಯರ ಸಂಖ್ಯೆ 2021ರ ಫೆಬ್ರವರಿ-ಮಾರ್ಚ್‌ನಲ್ಲಿ, 2019ರ ಅದೇ ಅವಧಿಗಿಂತ ಸುಮಾರು ಅರ್ಧದಷ್ಟು ಹೆಚ್ಚಾಗಿತ್ತು. ಹುಡುಗರಲ್ಲಿ ಏರಿಕೆ ನೂರಕ್ಕೆ 4ರ ಒಳಗೆ. ಇವು ಆಸ್ಪತ್ರೆಗೆ ಬಂದವರ ಲೆಕ್ಕ, ಸಾವಿನ ಲೆಕ್ಕ ಅಲ್ಲ, ಎರಡನ್ನೂ ಬೆರೆಸಬಾರದು. ಹುಡುಗರ ಸಂಖ್ಯೆ ಕಡಿಮೆ ಅಂತ ನೆಮ್ಮದಿಯಾಗಿ ಇರುವ ಹಾಗೂ ಇಲ್ಲ, ಯಾಕೆಂದರೆ ಪ್ರಪಂಚದಲ್ಲಿ ಆತ್ಮಹತ್ಯೆಯಿಂದ ಜೀವ ಕಳೆದುಕೊಳ್ಳುವವರಲ್ಲಿ ಗಂಡಸರೇ ಜಾಸ್ತಿ. ಹುಡುಗರು ಸಹಾಯ ಕೇಳಿಕೊಂಡು ಬರುವುದೇ ಕಡಿಮೆ ಅಲ್ವಾ.

ಮನಸ್ಸಿನ ಸ್ಥಿತಿಯ ಬಗ್ಗೆ ಹೇಳುವುದಾದರೆ, 29 ಅಧ್ಯಯನಗಳನ್ನು, 80 ಸಾವಿರ ಮಕ್ಕಳ ಲೆಕ್ಕವನ್ನು ಸೇರಿಸಿ ನೋಡಿದಾಗ ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ ಕಂಡಿತು. ಕೊರೊನಾಕ್ಕೆ ಮುಂಚಿನ ಅಂದಾಜಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಕಾಲ ಕಳೆದಂತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತಾ ಹೋಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ, ಮೊದಲ ವರ್ಷದಲ್ಲೇ ಖಿನ್ನತೆ ಮತ್ತು ಆತಂಕ ಪ್ರಪಂಚದಾದ್ಯಂತ ನೂರಕ್ಕೆ 25ರಷ್ಟು ಹೆಚ್ಚಾಯಿತು, ಹೆಚ್ಚು ಪೆಟ್ಟು ಬಿದ್ದದ್ದು ಯುವಜನರಿಗೆ ಮತ್ತು ಹೆಂಗಸರಿಗೆ ಅಂದಿತು.

ಇದನ್ನು ಅಪ್ಪನಿಗೆ ಓದಿ ಹೇಳಿ. ಆದರೆ ಒಂದು ವಿಷಯ. ಇಷ್ಟು ಅಂಕಿ ಹೇಳಿದ ಮೇಲೂ 'ಲಾಕ್‌ಡೌನ್‌ನಿಂದ ಇವನಿಗೆ ಹೀಗಾಯಿತು' ಅಂತ ಒಂದೇ ಗೆರೆ ಎಳೆಯಲು ಆಗುವುದಿಲ್ಲ. ಯಾವ ಆತ್ಮಹತ್ಯೆಗೂ, ಯಾವ ಪ್ರಯತ್ನಕ್ಕೂ ಒಂದೇ ಕಾರಣ ಇರುವುದಿಲ್ಲ. ಅವನ ಕಾರಣಗಳು ಅವನಿಗೇ ಗೊತ್ತು. ಅದಕ್ಕೇ ಕೇಳಬೇಕು.

ಮರಳಿಬಂದವ:

ನಾನು ಇಲ್ಲಿ ಬರೆಯುವವನಲ್ಲ, ಓದಿ ಹೋಗುತ್ತೇನೆ. ಇವತ್ತು ಬರೆಯಬೇಕು ಅನಿಸಿತು.

ಅಕ್ಕಾ, 2021ರಲ್ಲಿ ನಾನು ನಿಮ್ಮ ತಮ್ಮನ ಹಾಗೆಯೇ ಇದ್ದೆ. ಹಾಸ್ಟೆಲ್ ಖಾಲಿ ಮಾಡಿಸಿ ಮನೆಗೆ ಕಳಿಸಿದ್ದರು, ಕೊನೆಯ ವರ್ಷ, ಸಿಕ್ಕಿದ್ದ ಕೆಲಸ ಕೈತಪ್ಪಿತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಅಪ್ಪನ ಕೆಲಸವೂ ಹೋಗಿತ್ತು, ರಾತ್ರಿ ಅವರು ಲೆಕ್ಕ ಬರೆಯುವುದು ಕೇಳಿಸುತ್ತಿತ್ತು. ಒಂದು ಹೊಟ್ಟೆ ಕಡಿಮೆ ಆದರೆ ಎಷ್ಟು ಉಳಿಯುತ್ತದೆ ಅಂತ ನಾನೂ ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೆ. ನಿಜವಾಗಿ. ಆಗ ಅದು ದುಃಖ ಅನಿಸುತ್ತಿರಲಿಲ್ಲ, ಬಹಳ ಸರಿಯಾದ ಯೋಚನೆ ಅನಿಸುತ್ತಿತ್ತು. ಅದೇ ಆ ಕಾಯಿಲೆಯ ಕೆಟ್ಟತನ. ಒಳಗಿರುವವನಿಗೆ ಅದು ಕಾಯಿಲೆ ಅಂತ ಕಾಣುವುದಿಲ್ಲ, ಬುದ್ಧಿ ಅಂತ ಕಾಣುತ್ತದೆ.

ಎಲ್ಲರೂ ನನ್ನನ್ನು 'ಹೇಗಿದ್ದೀಯಾ' ಅಂತ ಕೇಳುತ್ತಿದ್ದರು. 'ಆರಾಮ್' ಅನ್ನುತ್ತಿದ್ದೆ. 'ಸಾಯಬೇಕು ಅನಿಸುತ್ತಿದೆಯಾ' ಅಂತ ಕೇಳಿದ್ದು ಒಬ್ಬಳೇ, ನನ್ನ ಅತ್ತೆಯ ಮಗಳು, ಫೋನಿನಲ್ಲಿ, ಮಾತಿನ ಮಧ್ಯೆ. ನಾನು ಎಷ್ಟೋ ಹೊತ್ತು ಸುಮ್ಮನಿದ್ದೆ. ಅವಳೂ ಸುಮ್ಮನೆ ಇದ್ದಳು, ಇಡಲಿಲ್ಲ. ಆಮೇಲೆ ಹೌದು ಅಂದೆ. ಹೇಳಿದ ಕೂಡಲೇ ನಾಚಿಕೆ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ, ನಿದ್ದೆ ಬಂತು. ಎಷ್ಟೋ ವಾರಗಳ ನಂತರ ಸರಿಯಾಗಿ ನಿದ್ದೆ ಮಾಡಿದ ರಾತ್ರಿ ಅದು.

ಕೂಡಲೇ ಎಲ್ಲ ಸರಿಹೋಗಲಿಲ್ಲ. ಮನೋವೈದ್ಯರ ಹತ್ತಿರ ಹೋದೆ, ಮೊದಲನೆಯವರ ಜೊತೆ ಹೊಂದಲಿಲ್ಲ, ಎರಡನೆಯವರ ಹತ್ತಿರ ಹೋದೆ. ಎಂಟು ಹತ್ತು ತಿಂಗಳು ಹಿಡಿಯಿತು. ಆ ಅಕ್ಕ ಪ್ರತಿ ನಾಲ್ಕೈದು ದಿನಕ್ಕೆ ಒಂದು ಮೆಸೇಜ್ ಹಾಕುತ್ತಿದ್ದಳು, ಕೊನೆಯಲ್ಲಿ ಯಾವಾಗಲೂ 'ಉತ್ತರ ಬರೆಯಬೇಕಾಗಿಲ್ಲ' ಅಂತ ಇರುತ್ತಿತ್ತು. ಆ ಒಂದು ಸಾಲಿನಿಂದಲೇ ನಾನು ಅವಳ ಮೆಸೇಜ್‌ಗಳನ್ನು ಓದುತ್ತಿದ್ದೆ, ಬೇರೆಯವರದ್ದು ತೆರೆಯುತ್ತಲೇ ಇರಲಿಲ್ಲ.

ಕೇಳಿ ಅಕ್ಕಾ. ಅವನು ಸಿಡುಕಿದರೂ ಕೇಳಿ.

ಕೇಳುವಕಿವಿ:

ಮರಳಿಬಂದವ ಅವರೇ, ಬರೆದದ್ದಕ್ಕೆ ಬಹಳ ಥ್ಯಾಂಕ್ಸ್. ಆ ಮೆಸೇಜ್ ವಿಷಯ ಸಣ್ಣದಲ್ಲ. ಜೆರೋಮ್ ಮೊಟೊ ಅನ್ನುವ ಮನೋವೈದ್ಯರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೋಗಿ ಮುಂದಿನ ಚಿಕಿತ್ಸೆ ಬೇಡ ಅಂದವರಿಗೆ ಚಿಕ್ಕ ಪತ್ರಗಳನ್ನು ಕಳಿಸುವ ವ್ಯವಸ್ಥೆ ಮಾಡಿದ್ದರು. ಹೇಗಿದ್ದೀರಿ, ಬರೆಯಬೇಕೆನಿಸಿದರೆ ಬರೆಯಿರಿ, ಇಷ್ಟೇ. ಏನನ್ನೂ ಕೇಳದ ಪತ್ರಗಳು. ಪತ್ರ ಬಂದವರಲ್ಲಿ, ಬಾರದವರಿಗಿಂತ, ಮೊದಲ ಎರಡು ವರ್ಷ ಆತ್ಮಹತ್ಯೆಗಳು ಕಡಿಮೆಯಾಗಿದ್ದವು.

ಹಿರಿಯಕ್ಕ, ಏನಾಯಿತು ಅಂತ ಬರೆಯಿರಿ. ಕಾಯುತ್ತಿರುತ್ತೇನೆ.

ಹಿರಿಯಕ್ಕ:

ಕೇಳಿದೆ. ಈಗ ಬೆಳಗಿನ ಜಾವ ಮೂರೂವರೆ, ಅವನು ನನ್ನ ಕೋಣೆಯಲ್ಲಿ ಮಲಗಿದ್ದಾನೆ, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ.

ಟೆರೇಸಿನಲ್ಲಿ ಕೂತಿದ್ದೆವು. ನೀವು ಹೇಳಿದ ಹಾಗೆಯೇ ಕೇಳಿದೆ, ದನಿ ನಡುಗಿತು. ಮೊದಲು 'ಏನಕ್ಕ ಇದು' ಅಂದ. ಸುಮ್ಮನಿದ್ದೆ. ಆಮೇಲೆ ಹೌದು ಅಂದ. ತುಂಬಾ ದಿನದಿಂದ ಅಂದ. ಹೇಗೆ ಅಂತ ಯೋಚಿಸಿದ್ದಾನೆ, ಯಾವಾಗ ಅಂತ ಇಲ್ಲ. 14416ಕ್ಕೆ ನಾನೇ ಮಾಡಿದೆ, ಸ್ಪೀಕರ್‌ನಲ್ಲಿ ಹಾಕಿದೆ, ಅವನೂ ಕೇಳಿಸಿಕೊಂಡ, ಕೊನೆಗೆ ತಾನೇ ಎರಡು ಮಾತಾಡಿದ. ಬೆಳಗ್ಗೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಕೇಳುವಕಿವಿ ಅವರೇ, ನೀವು ಜ್ವರದ ವಿಷಯ ಕೇಳಿದ್ದಿರಿ. ಅದೇ. 'ತಾತನಿಗೆ ನಾನೇ ತಂದುಕೊಟ್ಟೆ ಅಕ್ಕ' ಅಂದ. ಅದಕ್ಕೆ ಹಿಂದಿನ ವಾರ ಅವನು ಕದ್ದು ಗೆಳೆಯನನ್ನು ನೋಡಲು ಹೋಗಿದ್ದನಂತೆ, ಒಂದು ಗಂಟೆ. ನಾಲ್ಕೂವರೆ ವರ್ಷದಿಂದ ಇದನ್ನು ಇಟ್ಟುಕೊಂಡಿದ್ದಾನೆ. ಅದಕ್ಕೇ ಅಳಲಿಲ್ಲವಂತೆ, ಅಳುವ ಹಕ್ಕು ತನಗಿಲ್ಲ ಅನಿಸಿತಂತೆ. ಏನು ಹೇಳಬೇಕೋ ನನಗೆ ತೋಚಲಿಲ್ಲ. 'ಇಲ್ಲ ಕಣೋ' ಅಂದೆ, ಅಷ್ಟೇ. ಅವನು ನಂಬಲಿಲ್ಲ.

ರಾತ್ರಿಪಾಳಿ:

ನಾನು ನರ್ಸ್. ಆ ಎರಡು ವರ್ಷ ಕೊರೊನಾ ವಾರ್ಡಿನಲ್ಲಿದ್ದೆ. ಇದಕ್ಕೆ ನಾನು ಉತ್ತರ ಕೊಡುತ್ತೇನೆ.

ಮೊದಲು ಜ್ವರ ಬಂದವನೇ ಮನೆಗೆ ತಂದವನು ಅನ್ನುವುದಕ್ಕೆ ಆಧಾರವೇ ಇಲ್ಲ. ವೈರಸ್ ಒಳಗೆ ಹೋದ ಮೇಲೆ ಲಕ್ಷಣ ಕಾಣಲು ಒಬ್ಬರಿಗೆ ಎರಡು ದಿನ, ಇನ್ನೊಬ್ಬರಿಗೆ ಹದಿನಾಲ್ಕು ದಿನದವರೆಗೂ ಹಿಡಿಯುತ್ತಿತ್ತು. ಅಂದರೆ ಹೊರಗೆ ಓಡಾಡಿದ ದೊಡ್ಡವರೊಬ್ಬರಿಗೆ ಮೊದಲೇ ಬಂದಿದ್ದು, ಅವರಿಂದ ಇವನಿಗೆ ಹತ್ತಿ, ಇವನಿಗೆ ಬೇಗ ಜ್ವರ ಕಾಣಿಸಿಕೊಂಡಿರಬಹುದು. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತಿತ್ತು. ಕೆಲವರಿಗೆ ಲಕ್ಷಣವೇ ಇರಲಿಲ್ಲ, ಆದರೂ ಹರಡುತ್ತಿತ್ತು. ಮನೆಯೊಳಗೆ ಯಾರಿಂದ ಯಾರಿಗೆ ಅಂತ ನಮಗೇ, ವಾರ್ಡಿನಲ್ಲಿ ಕೂತು, ಹೇಳಲು ಆಗುತ್ತಿರಲಿಲ್ಲ. ಇದನ್ನು ಅವನಿಗೆ ಹೀಗೇ ಹೇಳಿ. 'ನಿನ್ನ ತಪ್ಪಲ್ಲ' ಅಂತ ಬರೀ ಬಾಯಿಮಾತು ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾನೆ, 19 ವಯಸ್ಸಿನ ಹುಡುಗನಿಗೆ ಕಾರಣ ಬೇಕು.

ಅವನಿಂದಲೇ ಬಂದಿತ್ತು ಅಂತಿಟ್ಟುಕೊಂಡರೂ, ಹದಿನಾಲ್ಕು ವರ್ಷದ ಹುಡುಗ ಒಂದು ವರ್ಷ ಮನೆಯೊಳಗೇ ಇದ್ದು ಗೆಳೆಯನ ಮುಖ ನೋಡಲು ಒಂದು ಗಂಟೆ ಹೊರಗೆ ಹೋದ. ಅಪರಾಧ ಅಲ್ಲ ಅದು.

ಇಂಥ ಮಕ್ಕಳನ್ನು ನಾನು ನೋಡಿದ್ದೇನೆ. ಆಸ್ಪತ್ರೆಯ ಫೋನಿಗೆ ಮಾಡಿ ಅಜ್ಜಿಗೆ ಕೊಡಿ, ಸಾರಿ ಹೇಳಬೇಕು ಅನ್ನುತ್ತಿದ್ದರು. 2021ರ ಏಪ್ರಿಲ್ ಹೊತ್ತಿಗೇ ಪ್ರಪಂಚದಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ಅಪ್ಪ, ಅಮ್ಮ ಅಥವಾ ತಮ್ಮನ್ನು ಸಾಕುತ್ತಿದ್ದ, ಇಲ್ಲವೇ ಜೊತೆಗೇ ಇದ್ದು ನೋಡಿಕೊಳ್ಳುತ್ತಿದ್ದ ಅಜ್ಜ ಅಜ್ಜಿಯನ್ನು ಕಳೆದುಕೊಂಡಿದ್ದರು ಅಂತ ಲೆಕ್ಕ ಬಂದಿತ್ತು. ಅವರಲ್ಲಿ ಎಷ್ಟು ಜನ ಇವನ ಹಾಗೆ ಮನಸ್ಸಲ್ಲಿ ಇಟ್ಟುಕೊಂಡು ಕೂತಿದ್ದಾರೋ.

ಈಗ ಒಂದು ಕೆಲಸ. ಹೇಗೆ ಅಂತ ಯೋಚಿಸಿದ್ದಾನೆ ಅಂದಿರಿ. ಅದನ್ನು ಇಲ್ಲಿ ಬರೆಯಬೇಡಿ. ಆದರೆ ಬೆಳಗಾಗುವ ಮೊದಲೇ ಆ ವಸ್ತು ಅವನ ಕೈಗೆ ಸಿಗದ ಹಾಗೆ ಮಾಡಿ. ಮನೆಯಲ್ಲಿರುವ ಔಷಧಿಗಳು, ಅಮ್ಮ ಅಪ್ಪನ ಮಾತ್ರೆಗಳೂ ಸೇರಿ, ಬೀಗದೊಳಗೆ ಇರಲಿ, ಕೀ ನಿಮ್ಮ ಹತ್ತಿರ ಇರಲಿ. ನಂಬಿಕೆ ಇಲ್ಲದ ಹಾಗಾಯಿತು ಅಂತ ಅಂದುಕೊಳ್ಳಬೇಡಿ. ಆ ಯೋಚನೆ ತೀರಾ ಜೋರಾಗಿರುವ ಹೊತ್ತು ಹೆಚ್ಚಾಗಿ ಸ್ವಲ್ಪ ಸಮಯದ್ದು, ಎಷ್ಟೋ ಸಲ ನಿಮಿಷಗಳದ್ದು, ಗಂಟೆಗಳದ್ದು. ಆ ಹೊತ್ತು ದಾಟಿಸಬೇಕು.

ಮತ್ತೆ ನೀವೂ ಸ್ವಲ್ಪ ಮಲಗಿ. ಅಮ್ಮನನ್ನು ಎಬ್ಬಿಸಿ, ಅವರು ಕೂರಲಿ.

ಸಂಜೆಗಾಳಿ:

ಅಕ್ಕಾ, ನಾನು ಹೇಳಿದ್ದು ತಪ್ಪಾಯಿತು. ನೀವು ನನ್ನ ಮಾತು ಕೇಳಲಿಲ್ಲವಲ್ಲ, ಅದೇ ದೊಡ್ಡದು. ನನ್ನ ಕ್ಲಾಸಿನಲ್ಲಿ ಒಬ್ಬಳಿದ್ದಳು, 2020ರ ಕೊನೆಯಲ್ಲಿ ಹೋಗಿಬಿಟ್ಟಳು. ನಾವು ಯಾರೂ ಕೇಳಿರಲಿಲ್ಲ. ಕೇಳಿದರೆ ಹಾಗಾಗುತ್ತದೆ ಅಂತ ನಂಬಿಕೊಂಡರೆ, ಕೇಳದೆ ಇದ್ದದ್ದಕ್ಕೆ ಮನಸ್ಸಿಗೆ ಸ್ವಲ್ಪ ಸಮಾಧಾನ ಇರುತ್ತದೆ. ಈಗ ಅರ್ಥವಾಯಿತು ನನಗೆ.

ಕೇಳುವಕಿವಿ:

ಸಂಜೆಗಾಳಿ, ಆ ಹುಡುಗಿಯ ವಿಷಯ ನೀವೂ ಯಾರ ಹತ್ತಿರವಾದರೂ ಮಾತಾಡಿ, ದಯವಿಟ್ಟು. ಅದೇ 14416ಕ್ಕೆ ನೀವೂ ಮಾಡಬಹುದು. ಅದು ನಿಮ್ಮ ತಪ್ಪಲ್ಲ. ಏನು ಕೇಳಬೇಕು ಅಂತ ಆಗ ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಿರಿಯಕ್ಕ, ಬೆಳಗ್ಗೆ ವೈದ್ಯರನ್ನು ನೋಡಿದಾಗ ಎರಡು ವಿಷಯ ನೆನಪಿರಲಿ. ಸುರಕ್ಷತಾ ಯೋಜನೆ ಅಂತ ಒಂದು ಪುಟದ ಬರಹ ಇರುತ್ತದೆ, ಅವನೇ ತನ್ನ ಮಾತಿನಲ್ಲಿ ಬರೆಯಬೇಕು. ಯೋಚನೆ ಶುರುವಾಗುವ ಮುಂಚೆ ತನಗೆ ಏನೇನು ಆಗುತ್ತದೆ, ಆಗ ಒಬ್ಬನೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಹೇಳಬಹುದು, ಯಾವ ವೈದ್ಯರಿಗೆ, ಯಾವ ಸಂಖ್ಯೆಗೆ ಫೋನ್ ಮಾಡಬೇಕು, ಮನೆಯಲ್ಲಿ ಏನನ್ನು ದೂರ ಇಡಬೇಕು. ಅಮೆರಿಕದಲ್ಲಿ ತುರ್ತು ವಿಭಾಗಕ್ಕೆ ಬಂದವರಿಗೆ ಇದನ್ನು ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾ ಇದ್ದರು. ಮುಂದಿನ ಆರು ತಿಂಗಳಲ್ಲಿ, ಹಾಗೆ ಮಾಡದವರಿಗೆ ಹೋಲಿಸಿದರೆ, ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ನೂರಕ್ಕೆ 45ರಷ್ಟು ಕಡಿಮೆಯಾಗಿತ್ತು. 'ಇನ್ನು ಮೇಲೆ ಹಾಗೆ ಮಾಡಿಕೊಳ್ಳುವುದಿಲ್ಲ ಅಂತ ಮಾತು ಕೊಡು' ಅಂತ ಪ್ರಮಾಣ ಮಾಡಿಸಬೇಡಿ, ಅದರಿಂದ ಪ್ರಯೋಜನ ಇಲ್ಲ. ಮಾತು ಮುರಿದೆ ಅನ್ನುವ ಇನ್ನೊಂದು ಭಾರ ಸೇರಿಕೊಳ್ಳುತ್ತದೆ.

ಎರಡನೆಯದು ಮಾತ್ರೆ. ವೈದ್ಯರು ಖಿನ್ನತೆಗೆ ಮಾತ್ರೆ ಬರೆದರೆ ಅದು ಕೆಲಸ ಮಾಡಲು ವಾರಗಳು ಬೇಕು. ಮೂರು ದಿನಕ್ಕೆ ಏನೂ ಆಗಲಿಲ್ಲ ಅಂತ ನಿಲ್ಲಿಸಬಾರದು. 25ಕ್ಕಿಂತ ಕಡಿಮೆ ವಯಸ್ಸಿನ ಕೆಲವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆಯೋ ಸಾಯುವ ಯೋಚನೆಯೋ ಜಾಸ್ತಿ ಆಗಬಹುದು. ಅದಕ್ಕೆ ಆ ದಿನಗಳಲ್ಲಿ ಹತ್ತಿರದಿಂದ ಗಮನಿಸುತ್ತಿರಿ, ಬದಲಾವಣೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಹೆದರಿ ಮಾತ್ರೆಯೇ ಬೇಡ ಅನ್ನಬೇಡಿ, ಬಹಳ ಜನ ಅದರಿಂದಲೇ ಎದ್ದು ನಿಂತಿದ್ದಾರೆ. ಕಾಯಿಲೆಗೆ ಔಷಧಿ ಅಷ್ಟೇ.

ಮರಳಿಬಂದವ:

ಅವನು ಎದ್ದ ಮೇಲೆ ನಿನ್ನೆ ಹೇಳಿದ್ದಕ್ಕೆ ನಾಚಿಕೆ ಪಡಬಹುದು, 'ಸುಮ್ನೆ ಹೇಳಿದೆ, ಬಿಡು' ಅನ್ನಬಹುದು. ನಾನೂ ಅಂದಿದ್ದೆ. ಆದರೂ ಕರೆದುಕೊಂಡು ಹೋಗಿ ಅಕ್ಕಾ.

ಹಿರಿಯಕ್ಕ:

ಹನ್ನೆರಡು ದಿನ ಆಯಿತು. ತಡವಾಗಿ ಬರೆಯುತ್ತಿದ್ದೇನೆ.

ಮರಳಿಬಂದವ ಹೇಳಿದ ಹಾಗೇ ಆಯಿತು, ಬೆಳಗ್ಗೆ ಎದ್ದು 'ಬೇಡ ಅಕ್ಕ, ಸುಮ್ನೆ ಏನೋ ಅಂದೆ' ಅಂದ. ಆದರೂ ಬಂದ. ವೈದ್ಯರು ಅವನೊಬ್ಬನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಮಾತ್ರೆ ಶುರುವಾಗಿದೆ, ವಾರಕ್ಕೊಮ್ಮೆ ಕೌನ್ಸೆಲಿಂಗ್ ಇದೆ. ನಿದ್ದೆ ಇನ್ನೂ ಸರಿಯಾಗಿಲ್ಲ. ಎರಡು ದಿನ ತುಂಬಾ ಕೆಟ್ಟದಾಗಿದ್ದವು. ಒಂದು ದಿನ ನಾನೂ ತಾಳ್ಮೆ ಕಳೆದುಕೊಂಡು ಕೂಗಾಡಿದೆ, ಆಮೇಲೆ ಕ್ಷಮೆ ಕೇಳಿದೆ.

ರಾತ್ರಿಪಾಳಿ ಅವರೇ, ನೀವು ಬರೆದದ್ದನ್ನು ಅವನಿಗೆ ಓದಲು ಕೊಟ್ಟೆ. ಎರಡು ಸಲ ಓದಿದ. ಏನೂ ಹೇಳಲಿಲ್ಲ. ಅಪ್ಪನೂ ಓದಿದರು. ಅಪ್ಪ ಆ ವಾರಗಳಲ್ಲಿ ದಿನಾ ಕೆಲಸಕ್ಕೆ ಹೋಗುತ್ತಿದ್ದರು, ಬಸ್ಸಿನಲ್ಲಿ. ಅವರು ಅವತ್ತು ರಾತ್ರಿ ತಮ್ಮನ ಕೋಣೆಗೆ ಹೋಗಿ ಹಾಸಿಗೆಯ ತುದಿಯಲ್ಲಿ ಕೂತು, 'ನನ್ನಿಂದಲೇ ಬಂದಿರಬಹುದಲ್ಲೋ, ನಾನು ಅದನ್ನು ಯೋಚನೆ ಮಾಡಲೇ ಇಲ್ಲ' ಅಂದರು. ಆಮೇಲೆ ಇಬ್ಬರೂ ಅತ್ತದ್ದು ಹೊರಗೆ ನಮಗೆ ಕೇಳಿಸಿತು. ಅಮ್ಮ ಒಳಗೆ ಹೋಗಲು ಹೊರಟಳು, ನಾನು ಕೈ ಹಿಡಿದು ನಿಲ್ಲಿಸಿದೆ.

ಆ ಒಂದು ಪುಟದ ಯೋಜನೆ ಬರೆದಿದ್ದಾನೆ, ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದಾನೆ. ನನಗೂ ತೋರಿಸಿದ. ಯಾರಿಗೆ ಹೇಳಬಹುದು ಅನ್ನುವ ಜಾಗದಲ್ಲಿ ನನ್ನ ಹೆಸರು ಎರಡನೆಯದು. ಮೊದಲನೆಯದು ಗಿಟಾರ್ ತೆಗೆದುಕೊಂಡ ಗೆಳೆಯನದ್ದು. ಅವನಿಗೆ ತಾನೇ ಫೋನ್ ಮಾಡಿದ, ಭಾನುವಾರ ಬರುತ್ತಾನಂತೆ. ಗಿಟಾರ್ ಬಗ್ಗೆ ಇಬ್ಬರೂ ಏನೂ ಮಾತಾಡಿಲ್ಲ, ನಾನೂ ಕೇಳಿಲ್ಲ.